ಕಿಸೆಯಲ್ಲಿ ಎರಡು ಗುಳಿಗೆ: ವಿಡ್ರಾವಲ್ ಹೆದರಿಕೆಯ ಒಂದು ಪ್ರಕರಣ

ರೋಗಿಗೆ 28 ವರ್ಷ. ಹುಬ್ಬಳ್ಳಿಯ ಅಮರಗೋಳ ಎಪಿಎಂಸಿಯಿಂದ ಗದಗ, ಹಾವೇರಿ ಕಡೆ ಮಾಲು ಸಾಗಿಸುವ ಲಗೇಜ್ ಗಾಡಿಯ ಚಾಲಕ. ಎರಡೂವರೆ ವರ್ಷದ ಹಿಂದೆ ಬೈಕಿನಿಂದ ಬಿದ್ದು ಸೊಂಟ ನೋವಾದಾಗ ಟಪೆಂಟಡಾಲ್ ಎಂಬ ಓಪಿಯಾಯ್ಡ್ (ಅಫೀಮಿನಂತೆ ಕೆಲಸ ಮಾಡುವ) ನೋವಿನ ಔಷಧಿಯ 50 ಮಿಲಿಗ್ರಾಂ ಗುಳಿಗೆಯನ್ನು ಹತ್ತು ದಿನಕ್ಕೆಂದು ಬರೆದುಕೊಟ್ಟಿದ್ದರು. ನೋವು ಹೋಯಿತು, ಗುಳಿಗೆ ಉಳಿಯಿತು. ಚಿಕಿತ್ಸೆಗೆ ಬರುವ ಹೊತ್ತಿಗೆ ದಿನಕ್ಕೆ 100 ಮಿಲಿಗ್ರಾಂನ ಎಂಟರಿಂದ ಹತ್ತು. ವೈದ್ಯರ ನಿಗಾದಲ್ಲೂ ದಿನಕ್ಕೆ 500-600 ಮಿಲಿಗ್ರಾಂ ಮೀರಬಾರದ ಔಷಧಿ ಇದು. ನಾಲ್ಕೈದು ಸಲ ಸೂಜಿಯಲ್ಲೂ ತೆಗೆದುಕೊಂಡಿದ್ದ. ಎಚ್‌ಐವಿ, ಹೆಪಟೈಟಿಸ್ ಬಿ, ಸಿ ಮೂರೂ ಪರೀಕ್ಷೆ ನೆಗೆಟಿವ್ ಬಂದವು. ಗುರುತು ಸಿಗದಂತೆ ಕಟ್ಟಿದ ಮಾದರಿ ಪ್ರಕರಣವಿದು. ಇಂಥವನನ್ನು ನೋಡಿದವರಿಗೆ ಇದರ ಯಾವ ಭಾಗವೂ ಹೊಸದೆನಿಸದು.

ಮೊದಲ ದಿನ ಅವನು ಹೇಳಿದ್ದು ಹೀಗೆ: "ಬಿಡಬೇಕು ಅಂತ ನನಗೂ ಐತ್ರೀ ಸರ್. ಆದರ ಬಿಡೂ ದಿನ ಮಾತ್ರ ನಾ ಇರಬಾರದು, ಅಷ್ಟ." ಜೊತೆಗೆ ಬಂದ ಅಣ್ಣನಿಗೆ ಇದು ನೆಪ ಎನ್ನಿಸಿತು. "ಎಂಟ ದಿನ ಕೋಣ್ಯಾಗ ಹಾಕಿ ಕೀಲಿ ಹಾಕ್ತೀವ್ರೀ. ನೀವು ಹೂಂ ಅನ್ರಿ ಸಾಕು."

ಹೂಂ ಅನ್ನಲಿಲ್ಲ. ಕೀಲಿ ಹಾಕಿ ನೋಡಿದ್ದು ಆಗಲೇ ಒಮ್ಮೆ ಮುಗಿದಿತ್ತು.

ಹೆದರಿಕೆ ಎಲ್ಲಿಂದ ಬಂತು

ಮೊದಲ ಸಲ ಖಾಸಗಿ ಕೇಂದ್ರವೊಂದರಲ್ಲಿ ಆರು ದಿನ ಕೂಡಿಹಾಕಿದ್ದರು. ಔಷಧಿಯೆಂದು ಕೊಟ್ಟದ್ದು ವಿಟಮಿನ್ ಮಾತ್ರ. ಬೇಗ ಕೆಲಸ ಮಾಡಿ ಬೇಗ ಇಳಿಯುವ ಓಪಿಯಾಯ್ಡ್‌ಗಳಲ್ಲಿ ವಿಡ್ರಾವಲ್, ಅಂದರೆ ಒಗ್ಗಿದ ಔಷಧಿ ನಿಂತಾಗ ಏಳುವ ಬೇನೆ, ಕೊನೆಯ ಗುಳಿಗೆಯ ನಂತರ 8ರಿಂದ 24 ತಾಸಿನೊಳಗೆ ಶುರುವಾಗಿ, ಎರಡನೇ-ಮೂರನೇ ದಿನ ತುತ್ತತುದಿಗೇರಿ, ವಾರ-ಹತ್ತು ದಿನದಲ್ಲಿ ಇಳಿಯುತ್ತದೆ. ಆರನೇ ದಿನ ಅವನು ಓಡಿಹೋದ. ಅಂದರೆ ದೊಡ್ಡ ಬೇನೆ ದಾಟಿದ ಮೇಲೆ, ನಿದ್ದೆ ಮಾತ್ರ ಬಾರದ ಹಂತದಲ್ಲಿ. ಮನೆಗೆ ಬಂದು ಮೊದಲಿನಂತೆಯೇ ನಾಲ್ಕು ಗುಳಿಗೆ ಒಟ್ಟಿಗೆ ನುಂಗಿ ಎಚ್ಚರ ತಪ್ಪಿದ. ಆರು ದಿನದಲ್ಲಿ ದೇಹದ ತಾಳಿಕೆ ಇಳಿದಿರುತ್ತದೆ, ನೆನಪಿನಲ್ಲಿರುವ ಅಳತೆ ಇಳಿದಿರುವುದಿಲ್ಲ. ಓಪಿಯಾಯ್ಡ್ ವ್ಯಸನದಲ್ಲಿ ಸಾವಿನ ಅಪಾಯ ಬಹಳ ಹೆಚ್ಚುವುದು ಇಂಥ ವಾರಗಳಲ್ಲೇ. ಇವನು ಉಳಿದದ್ದು ಪುಣ್ಯ.

ಎರಡನೇ ಸಲದ್ದು ಇನ್ನೂ ಕೆಟ್ಟದ್ದು. ಬೇರೊಂದು ಕ್ಲಿನಿಕ್ಕಿನಲ್ಲಿ "ಎಷ್ಟು ದಿನ ಆಯಿತು ಬಿಟ್ಟು?" ಎಂದು ಕೇಳಿದಾಗ ಹತ್ತು ದಿನ ಎಂದ. ನಿಜಕ್ಕೂ ಆಗಿದ್ದದ್ದು ಆರು ತಾಸು. ಸತ್ಯ ಹೇಳಿದರೆ "ಬಿಟ್ಟ ಮೇಲೆ ಬಾ" ಎಂದು ಹಿಂದೆ ಕಳಿಸುತ್ತಾರೆಂಬ ಲೆಕ್ಕ. ಮೂತ್ರ ಪರೀಕ್ಷೆಯ ಪಟ್ಟಿಯೂ ನೆಗೆಟಿವ್ ಬಂತು. ಕಾರಣ ಸರಳ: ಮಾಮೂಲಿ ಓಪಿಯೇಟ್ ಪಟ್ಟಿ ಹುಡುಕುವುದು ಮಾರ್ಫಿನ್ ಜಾತಿಯನ್ನು, ಟಪೆಂಟಡಾಲ್ ಕೃತಕ ಓಪಿಯಾಯ್ಡ್, ಅದು ಆ ಪಟ್ಟಿಗೆ ಕಾಣುವುದೇ ಇಲ್ಲ. ಸುಳ್ಳು ಮತ್ತು ಕುರುಡು ಪಟ್ಟಿ ಎರಡೂ ಒಂದಾಗಿ, ಓಪಿಯಾಯ್ಡ್‌ನ ಕೆಲಸವನ್ನು ತಡೆದುಬಿಡುವ ನಾಲ್ಟ್ರೆಕ್ಸೋನ್ 50 ಮಿಲಿಗ್ರಾಂ ಕೈಗೆ ಬಂತು. ಕೊನೇಪಕ್ಷ 7ರಿಂದ 10 ದಿನ ಓಪಿಯಾಯ್ಡ್ ಮುಟ್ಟದವರಿಗೆ ಮಾತ್ರ ಕೊಡಬೇಕಾದ ಗುಳಿಗೆ ಅದು. ಅರ್ಧ ತಾಸಿನೊಳಗೆ ವಾಂತಿ, ಭೇದಿ, ಮೈಯೆಲ್ಲ ಬೆವರು, ಕಾಲು ಒದರಾಟ. ಎರಡು ದಿನ ಸಲೈನ್. ಎರಡು ದಿನದಲ್ಲಿ ಮೆಲ್ಲಗೆ ಏರಬೇಕಾದದ್ದು ಅರ್ಧ ತಾಸಿನಲ್ಲಿ ಮೈಮೇಲೆ ಬಿದ್ದಿತ್ತು.

ಇವನ ಮನಸ್ಸಿನಲ್ಲಿ ವಿಡ್ರಾವಲ್ ಅಂದರೆ ಈಗ ಆ ಎರಡು ದಿನ. ಇನ್ನೂ ಮುಖ್ಯ, 'ಬಿಡಿಸುವ ಗುಳಿಗೆ' ಅಂದರೂ ಆ ಎರಡು ದಿನವೇ. ಈ ಪ್ರಕರಣದ ಗಂಟು ಇರುವುದು ಇಲ್ಲಿ. ಇಂಥ ವ್ಯಸನಕ್ಕೆ ಬದಲಿಯಾಗಿ ಕೊಡುವ ಬೂಪ್ರಿನಾರ್ಫಿನ್ ಎಂಬ ಔಷಧಿ ಶುರುಮಾಡಲು ವೈದ್ಯರು ಹೇಳುವುದೇನು? "ಸ್ವಲ್ಪ ವಿಡ್ರಾವಲ್ ಬರುವ ತನಕ ಕಾಯಿ, ಆಮೇಲೆ ಈ ಗುಳಿಗೆ ನಾಲಿಗೆ ಕೆಳಗಿಡು." ಅವನು ಯಾವೆರಡಕ್ಕೆ ಹೆದರುತ್ತಾನೋ ಆ ಎರಡನ್ನೂ ಒಂದೇ ವಾಕ್ಯದಲ್ಲಿ ಕೇಳಿದಂತಾಯಿತು. ಕಾಯಲಾಗದೆ ಕದ್ದು ನುಂಗುತ್ತಾನೆ, ಕೇಳಿದರೆ ಸುಳ್ಳು ಹೇಳುತ್ತಾನೆ, ಆ ಸುಳ್ಳಿನ ಮೇಲೆ ಕೊಟ್ಟ ಔಷಧಿ ಮತ್ತೆ ಹೊಡೆಯುತ್ತದೆ, ಹೆದರಿಕೆ ಖರೆ ಆಗುತ್ತದೆ.

ಈ ಹೆದರಿಕೆ ಹೊಸ ಶೋಧವೇನಲ್ಲ. 1980ರ ದಶಕದಲ್ಲೇ ಅಮೆರಿಕದ ಮೆಥಡೋನ್ (ಇನ್ನೊಂದು ಬದಲಿ ಔಷಧಿ) ಕೇಂದ್ರಗಳಲ್ಲಿ ಇದನ್ನು ಅಳೆಯಲೆಂದೇ ಪ್ರಶ್ನಾವಳಿ ಮಾಡಿದ್ದರು. ನಮ್ಮ ಕಡೆ ಮಾತ್ರ ಈಗಲೂ ಇದಕ್ಕೆ 'ಮನಸ್ಸು ಗಟ್ಟಿ ಇಲ್ಲ' ಎಂಬ ಹೆಸರೇ ಚಾಲ್ತಿ.

ಲೆಕ್ಕದ ಪುಸ್ತಕ

ಮೊದಲ ವಾರ ಯಾವ ಔಷಧಿಯನ್ನೂ ಬದಲಿಸಲಿಲ್ಲ. ಗಾಡಿಯಲ್ಲಿ ಬಾಡಿಗೆ ಬರೆದಿಡುವ ಸಣ್ಣ ಪುಸ್ತಕದಲ್ಲೇ ಹಿಂದಿನ ಪುಟದಿಂದ ನಾಲ್ಕು ಕಂಬ ಹಾಕಿಸಲಾಯಿತು: ನುಂಗಿದ ಹೊತ್ತು, ಪಟ್ಟಿಯಲ್ಲಿ (ಸ್ಟ್ರಿಪ್) ಉಳಿದ ಗುಳಿಗೆ, ಹೆದರಿಕೆ ಸೊನ್ನೆಯಿಂದ ಹತ್ತರಲ್ಲಿ ಎಷ್ಟು, ಮತ್ತು ಮೂರು ಗುರುತು, ಅಂದರೆ ಆಕಳಿಕೆ, ಮೂಗಿನಲ್ಲಿ ನೀರು, ತೋಳ ಮೇಲೆ ಮುಳ್ಳೇಳುವುದು.

ಈ ಮೂರನ್ನೇ ಆರಿಸಿದ್ದಕ್ಕೆ ಕಾರಣವಿದೆ. ವಿಡ್ರಾವಲ್‌ನಲ್ಲಿ ಮೆದುಳಿನ ಕಾಂಡದ ಲೋಕಸ್ ಸೆರುಲಿಯಸ್ ಎಂಬ ಜಾಗದಿಂದ ನಾರ್‌ಅಡ್ರಿನಲಿನ್ ಉಕ್ಕುತ್ತದೆ. ಗಾಬರಿಯಾದಾಗ ಉಕ್ಕುವುದೂ ಅದೇ. ಹಾಗಾಗಿ ಎದೆಬಡಿತ, ಬೆವರು, ನಡುಕ, ಚಡಪಡಿಕೆ ಎರಡರಲ್ಲೂ ಒಂದೇ ಥರ. ರೋಗಿಗೆ ಇರಲಿ, ದಾದಿಗೂ ಬೇರೆ ಮಾಡಿ ಹೇಳುವುದು ಕಷ್ಟ. ಹೆದರಿಕೆಗೆ ಎದೆ ಬಡಿದುಕೊಳ್ಳುತ್ತದೆ, ಆದರೆ ಮೇಲಿಂದ ಮೇಲೆ ಆಕಳಿಕೆ, ನೆಗಡಿ ಇಲ್ಲದೆ ಮೂಗು ಸೋರುವುದು ವಿಡ್ರಾವಲ್‌ದ್ದೇ ಗುರುತು.

ವಾರದ ನಂತರ ಪುಸ್ತಕ ತೆರೆದಾಗ ಮೂರು ಸಂಗತಿ ಕಂಡವು. ಒಂದು, ಅವನು ಬೇನೆ ಬಂದಾಗ ನುಂಗುತ್ತಿರಲಿಲ್ಲ, ಗಡಿಯಾರ ನೋಡಿ ನುಂಗುತ್ತಿದ್ದ. ಮೂರು ತಾಸಿಗೊಂದು; ನಸುಕಿನ ಮೂರಕ್ಕೆ ಫೋನಿನಲ್ಲಿ ಅಲಾರಂ. ಎಷ್ಟೋ ತಿಂಗಳಿಂದ ಅವನು ವಿಡ್ರಾವಲ್ ಶುರುವಾಗುವುದನ್ನೇ ನೋಡಿರಲಿಲ್ಲ; ಬರುವ ಮುಂಚೆಯೇ ಬಾಗಿಲು ಹಾಕುತ್ತಿದ್ದ. ದಿನದ ಅಳತೆ ಏರುತ್ತ ಹೋದದ್ದು ನಶೆಯ ಆಸೆಗಿಂತ ಹೆಚ್ಚಾಗಿ ಈ ಕಾವಲಿನಿಂದ. ಎರಡು, ಹೆದರಿಕೆ 8-9 ಎಂದು ಬರೆದ ಕಡೆಯಲ್ಲೆಲ್ಲ ಆಕಳಿಕೆಯ ಕಂಬ ಹೆಚ್ಚಾಗಿ ಖಾಲಿ. ಮೂರು, ಆ 8-9 ಬಂದದ್ದು ಪಟ್ಟಿಯಲ್ಲಿ ನಾಲ್ಕಕ್ಕಿಂತ ಕಡಿಮೆ ಗುಳಿಗೆ ಉಳಿದಾಗ, ಅದರಲ್ಲೂ ಶನಿವಾರ ಸಂಜೆ. ಅವನಿಗೆ ಗುಳಿಗೆ ಕೊಡುವ ಅಂಗಡಿ ಭಾನುವಾರ ಬಂದ್.

ಅಂದರೆ ಹೆದರಿಕೆ ಮೈಯನ್ನು ಹಿಂಬಾಲಿಸುತ್ತಿರಲಿಲ್ಲ, ಪಟ್ಟಿಯ ಲೆಕ್ಕವನ್ನು ಹಿಂಬಾಲಿಸುತ್ತಿತ್ತು. ಇದನ್ನು ಅವನಿಗೆ ಬಾಯಿಂದ ಹೇಳಲಿಲ್ಲ. ಪುಸ್ತಕ ತಿರುಗಿಸಿ ಅವನ ಕಡೆಗೇ ಇಡಲಾಯಿತು. ಸ್ವಲ್ಪ ಹೊತ್ತು ನೋಡಿ, "ಹಂಗಾರ ಶನಿವಾರ ಬರೂದು ಮೈನೋವಲ್ಲೇನ್ರೀ?" ಎಂದ. ಪ್ಯಾಂಟಿನ ಸಣ್ಣ ಕಿಸೆಯಲ್ಲಿ ಕಾಗದ ಸುತ್ತಿದ ಎರಡು ಗುಳಿಗೆ ಸದಾ ಇರುತ್ತವೆಂದು ಹೇಳಿದ್ದೂ ಆವತ್ತೇ. ಅವನ್ನು ನುಂಗುವುದಿಲ್ಲವಂತೆ. "ಇದ್ದರ ಧೈರ್ಯ."

ಅವನ್ನು ಕಸಿದುಕೊಳ್ಳುವ ಮಾತಾಡಲಿಲ್ಲ. ಊರುಗೋಲು ಕಸಿದು ಓಡು ಅಂದಂತಾಗುತ್ತಿತ್ತು.

ಬುಧವಾರ

ಶುರುಮಾಡಲು ಬುಧವಾರ ಆರಿಸಿದ್ದು ಬೇಕೆಂದೇ. ಶನಿವಾರ-ಭಾನುವಾರದ ಗಾಬರಿಯಿಂದ ಎರಡೂ ಕಡೆ ದೂರ, ಮುಂದೆ ಮೂರು ಕೆಲಸದ ದಿನ. ಮಂಗಳವಾರ ರಾತ್ರಿ ಒಂಬತ್ತಕ್ಕೆ ಕೊನೆಯ ಗುಳಿಗೆ, ಮರುದಿನ ಮುಂಜಾನೆ ಇಲ್ಲಿ, ಒಂದು ರಾತ್ರಿ ವಾರ್ಡಿನಲ್ಲಿ. ಯಾವ ಹೊತ್ತಿಗೆ ಏನಾಗಬಹುದು, ಆಗ ಏನು ಕೊಡುತ್ತಾರೆ ಎಂಬುದನ್ನು ಒಂದು ಹಾಳೆಯ ಮೇಲೆ ತಾಸುವಾರು ಬರೆದು ಅವನ ಕೈಗೇ ಕೊಡಲಾಯಿತು. "ಏನೂ ಆಗುವುದಿಲ್ಲ" ಎಂದು ಯಾರೂ ಹೇಳಲಿಲ್ಲ. ಆಗುತ್ತದೆ. "ಇದರಿಂದ ಯಾರೂ ಸಾಯುವುದಿಲ್ಲ" ಎಂಬುದು ಬಹುಮಟ್ಟಿಗೆ ನಿಜವಾದರೂ ಇಂಥವರಿಗೆ ಕೆಲಸಕ್ಕೆ ಬಾರದ ಮಾತು. ಅವನ ಹೆದರಿಕೆ ಸಾವಿನದ್ದಲ್ಲ.

ಮೊದಲಿನ ಓಪಿಯಾಯ್ಡ್ ನಿಲ್ಲಿಸದೆಯೇ ಬೂಪ್ರಿನಾರ್ಫಿನ್‌ನ ಚೂರುಪಾರು ಅಳತೆಯಿಂದ ಏರಿಸುತ್ತ ಹೋಗುವ, 2016ರಲ್ಲಿ ಸ್ವಿಟ್ಜರ್ಲೆಂಡಿನ ಬರ್ನ್‌ನಿಂದ ವರದಿಯಾದ ಪದ್ಧತಿಯ ವಿಚಾರವೂ ಬಂತು. ನಮ್ಮಲ್ಲಿ 0.4 ಮಿಲಿಗ್ರಾಂ ಗುಳಿಗೆ ಸಿಗುವುದರಿಂದ ಅಳತೆಗೆ ತೊಂದರೆಯಿಲ್ಲ. ಆದರೆ ಅದಕ್ಕೆ ವಾರದ ತನಕ ಅಂಗಡಿಯ ಟಪೆಂಟಡಾಲ್ ಮುಂದುವರಿಯಬೇಕು, ಮನೆಯಲ್ಲಿ ದಿನಕ್ಕೊಂದು ಹೊಸ ಅಳತೆ ನೆನಪಿಡಬೇಕು. ಎಣಿಸುವುದೇ ರೋಗವಾಗಿರುವವನಿಗೆ ಇನ್ನಷ್ಟು ಎಣಿಕೆ ಬೇಡವೆನ್ನಿಸಿತು.

ಅಣ್ಣ-ತಮ್ಮ ಮುಂಜಾನೆ 8.40ಕ್ಕೆ ಹುಬ್ಬಳ್ಳಿ-ಧಾರವಾಡದ ಏಸಿ ಬಸ್ಸಾದ ಚಿಗರಿ ಇಳಿದು ಬಂದರು. ತಮ್ಮನ ತೋಳ ಮೇಲೆ ರೋಮ ನಿಂತಿದ್ದವು. ದಾದಿ ಬರೆಯಲು ಹೊರಟಿದ್ದಳು. ತಡೆದು ಹದಿನೈದು ನಿಮಿಷ ಬಿಸಿಲಲ್ಲಿ ಕೂರಿಸಿದರೆ ಮುಳ್ಳು ಮಾಯ. ಅದು ಚಿಗರಿಯ ಏಸಿ. ಮೆಟ್ಟಿಲು ಹತ್ತಿ ಬಂದ ಕೂಡಲೇ ನಾಡಿ ಎಣಿಸಿದರೂ ಇದೇ ತಪ್ಪಾಗುತ್ತದೆ.

ಒಂಬತ್ತಕ್ಕೆ ಕೌಸ್ ಅಂಕ 8. ಕೌಸ್ ಎಂದರೆ ಓಪಿಯಾಯ್ಡ್ ವಿಡ್ರಾವಲ್ ಅಳೆಯುವ ಹನ್ನೊಂದು ಅಂಶಗಳ ಪಟ್ಟಿ, ಒಟ್ಟು 48. 5ರಿಂದ 12 ಸೌಮ್ಯ, 13ರಿಂದ 24 ಮಧ್ಯಮ. ಹನ್ನೆರಡು ತಾಸು ಆಗಿದೆ ಎಂದು ಅವನ ಮಾತು, ಅಂಕವೂ ಅಂಚಿಗೆ ಬಂದಿದೆ. ಅವಸರದವರು ಇಲ್ಲಿ ಮೊದಲ ಗುಳಿಗೆ ಕೊಟ್ಟುಬಿಡುತ್ತಾರೆ. ಆದರೆ ಒಳಗೆ ನೋಡಿದರೆ ಆ ಎಂಟರಲ್ಲಿ ಚಡಪಡಿಕೆ, ಗಾಬರಿ, ಬೆವರು, ನಾಡಿ ಸೇರಿಯೇ ಐದು. ಕಣ್ಣಿನ ಪಾಪೆ ಸಣ್ಣದಾಗಿಯೇ ಇತ್ತು. ಇದು ಬಹಳಷ್ಟು ಹೆದರಿಕೆಯ ಅಂಕ.

ಅಣ್ಣನನ್ನು ಚಹಾಕ್ಕೆ ಕಳಿಸಿ ಮತ್ತೆ ಕೇಳಲಾಯಿತು. "ನುಂಗಿದಿಯೇನು?" ಎಂದಲ್ಲ. "ಬಹಳ ಮಂದಿಗೆ ಇಂಥಾ ರಾತ್ರಿ ತಡಿಯೂದು ಆಗಂಗಿಲ್ಲ. ನೀ ಯಾವಾಗ ತೊಗೊಂಡಿ?" ನೆಲ ನೋಡುತ್ತ ಹೇಳಿದ: "ಎರಡ್ರೀ. ಮುಂಜಾನಿ ನಾಲ್ಕೂವರಿಗೆ."

ಆ ಉತ್ತರ ಬರದೇ ಹೋಗಿದ್ದರೆ ನಾಲ್ಟ್ರೆಕ್ಸೋನ್ ದಿನದ ಪುನರಾವರ್ತನೆ ಆಗುತ್ತಿತ್ತು. ಬೂಪ್ರಿನಾರ್ಫಿನ್ ಓಪಿಯಾಯ್ಡ್ ಗ್ರಾಹಕಗಳಿಗೆ (ಮೆದುಳಿನಲ್ಲಿ ಔಷಧಿ ಹೋಗಿ ಕೂರುವ ಜಾಗಗಳಿಗೆ) ಬಲವಾಗಿ ಅಂಟುತ್ತದೆ, ಆದರೆ ಅರ್ಧಂಬರ್ಧ ಮಾತ್ರ ಕೆಲಸ ಮಾಡುತ್ತದೆ. ಗ್ರಾಹಕದ ಮೇಲೆ ಟಪೆಂಟಡಾಲ್ ಕೂತಿರುವಾಗ ಇದು ಹೋದರೆ ಅದನ್ನು ನೂಕಿ ತಾನು ಕೂರುತ್ತದೆ. ಪೂರ್ತಿ ಕೆಲಸದಿಂದ ಅರೆ ಕೆಲಸಕ್ಕೆ ಒಮ್ಮೆಲೇ ಇಳಿದದ್ದನ್ನು ದೇಹ ವಿಡ್ರಾವಲ್ ಎಂದೇ ಅನುಭವಿಸುತ್ತದೆ. ಗ್ರಾಹಕ ಖಾಲಿಯಾದ ಮೇಲೆ ಹೋದರೆ ಅದೇ ಅರೆ ಕೆಲಸ ಸಮಾಧಾನ ಕೊಡುತ್ತದೆ. ಗುಳಿಗೆ ಒಂದೇ, ಹೊತ್ತು ಬೇರೆ.

ಬೈಯಲಿಲ್ಲ. ಹಾಳೆಯ ಮೇಲಿನ ತಾಸುಗಳನ್ನು ಹೊಡೆದು ಹಾಕಿ ಏಳೂವರೆ ತಾಸು ಮುಂದೆ ಬರೆಯಲಾಯಿತು, ಅಷ್ಟೇ. ರಕ್ತದೊತ್ತಡ 124/80 ಇದ್ದದ್ದರಿಂದ ಕ್ಲೋನಿಡಿನ್ 100 ಮೈಕ್ರೋಗ್ರಾಂ ಒಂದು. 90/60ಕ್ಕಿಂತ ಕೆಳಗಿದ್ದರೆ ಇದನ್ನು ಕೊಡುವಂತಿಲ್ಲ. ಉಕ್ಕುವ ನಾರ್‌ಅಡ್ರಿನಲಿನ್ ಅನ್ನು ತಗ್ಗಿಸುವುದರಿಂದ ಬೇನೆಗೂ ಗಾಬರಿಗೂ ಇದು ಒಟ್ಟಿಗೆ ಒದಗುತ್ತದೆ. ನಿದ್ದೆ ಗುಳಿಗೆ ಬೇಕೆಂದ. ಅಲ್‌ಪ್ರಜೋಲಾಂ ಜಾತಿಯವು ಬೂಪ್ರಿನಾರ್ಫಿನ್ ಜೊತೆ ಸೇರಿದರೆ ಉಸಿರಾಟ ಕುಗ್ಗಬಹುದು, ಕೊಡಲಿಲ್ಲ.

ಮಧ್ಯಾಹ್ನ ಎರಡೂಕಾಲಕ್ಕೆ ಎದ್ದು ಗೇಟಿನ ತನಕ ಹೋದ. ಅಂಕ ಆಗ 11. ದಾದಿ ಹಿಂದೆಯೇ ಹೋಗಿ ಹಾಳೆ ತೋರಿಸಿದಳು: 'ಎರಡರಿಂದ ಮೂರು: ಎದ್ದು ಹೋಗಬೇಕು ಅನ್ನಿಸುತ್ತದೆ' ಎಂದು ಅವನ ಎದುರಿಗೇ ಬರೆದದ್ದು. ಗೇಟಿನ ಹತ್ತಿರದ ಕಟ್ಟೆಯ ಮೇಲೆ ಕೂತ, ಹೊರಗೆ ಹೋಗಲಿಲ್ಲ. ಒಂದು ಕೈ ಸಣ್ಣ ಕಿಸೆಯ ಮೇಲೆಯೇ ಇತ್ತು.

4.40ಕ್ಕೆ ಅಂಕ 18. ಈಗ ಆಕಳಿಕೆ ಇತ್ತು, ಮೂಗು ಸೋರುತ್ತಿತ್ತು, ಪಾಪೆ ಹಿಗ್ಗಿತ್ತು, ಫ್ಯಾನ್ ಆರಿಸಿದ ಸೆಕೆಯ ಕೋಣೆಯಲ್ಲೂ ತೋಳ ಮೇಲೆ ಮುಳ್ಳು. ಬೂಪ್ರಿನಾರ್ಫಿನ್ 2, ನಾಲೋಕ್ಸೋನ್ 0.5 ಮಿಲಿಗ್ರಾಂ ಸೇರಿದ ಒಂದು ಗುಳಿಗೆ ನಾಲಿಗೆ ಕೆಳಗೆ. ನಾಲೋಕ್ಸೋನ್ ನಾಲಿಗೆ ಕೆಳಗಿನಿಂದ ಅಷ್ಟಾಗಿ ಹೀರಿಕೆಯಾಗುವುದಿಲ್ಲ. ಯಾರಾದರೂ ಕರಗಿಸಿ ಸೂಜಿಯಲ್ಲಿ ಹಾಕಿಕೊಂಡರೆ ಕೆಲಸ ಕೆಡಿಸಲೆಂದೇ ಅದು ಅಲ್ಲಿರುವುದು. ಐದೂ ನಲವತ್ತಕ್ಕೆ ಅಂಕ 11, ಇನ್ನೊಂದು 2. ರಾತ್ರಿ ಎಂಟಕ್ಕೆ 5. ಮಲಗುವ ಮುಂಚೆ ಮತ್ತೆ 2. ಮರುದಿನ ಒಟ್ಟು 8 ಮಿಲಿಗ್ರಾಂ. ಅಲ್ಲಿಗೇ ನಿಂತಿತು.

ಉಗುಳು

ನಾಲ್ಕನೇ ದಿನ ದೂರು: ಔಷಧಿ ಏರುತ್ತಿಲ್ಲ, ಸಂಜೆ ಮೈ ಎಳೆಯುತ್ತದೆ. ಅಳತೆ ಹೆಚ್ಚಿಸುವ ಮುಂಚೆ ಎದುರಿಗೇ ಒಂದು ಗುಳಿಗೆ ಇಡಿಸಿ ನೋಡಲಾಯಿತು. ಗುಳಿಗೆ ಇಟ್ಟ, ಒಂದು ನಿಮಿಷಕ್ಕೆ ಕಿಟಕಿಗೆ ಹೋಗಿ ಉಗುಳಿದ. ಮತ್ತೊಂದು ನಿಮಿಷ, ಮತ್ತೆ ಉಗುಳು. ಗುಟ್ಕಾ ಹಾಕುವವನ ಅಭ್ಯಾಸ. ಬಾಯಲ್ಲಿ ನೀರೂರಿದರೆ ಉಗುಳಲೇಬೇಕು. ಔಷಧಿಯ ಅರ್ಧ ಕಿಟಕಿಯಾಚೆ ಹೋಗುತ್ತಿತ್ತು.

ಕ್ರಮ ಇದು: ಗುಟ್ಕಾ, ತಂಬಾಕು ಹಾಕಿದ ಬಾಯಿಯನ್ನು ಮೊದಲು ಚೆನ್ನಾಗಿ ಮುಕ್ಕಳಿಸಿ, ಒಂದು ಗುಟುಕು ನೀರು ಕುಡಿದು ಬಾಯಿ ಹಸಿ ಮಾಡಿಕೊಂಡು, ಗುಳಿಗೆಯನ್ನು ನಾಲಿಗೆ ಕೆಳಗಿಟ್ಟು ತಲೆ ತುಸು ಮುಂದೆ ಬಗ್ಗಿಸಿ ಕೂರಬೇಕು. ಕರಗಲು ಐದರಿಂದ ಹತ್ತು ನಿಮಿಷ. ಮಾತಿಲ್ಲ, ನುಂಗುವುದಿಲ್ಲ, ಉಗುಳುವುದಿಲ್ಲ. ನುಂಗಿದರೆ ಹೊಟ್ಟೆಯಿಂದ ಯಕೃತ್ತಿಗೆ ಹೋಗಿ ಬಹುಪಾಲು ಅಲ್ಲೇ ಕರಗಿಹೋಗುತ್ತದೆ. ಪೂರ್ತಿ ಕರಗಿದ ಮೇಲೆ ನೀರಿನಿಂದ ಬಾಯಿ ಮುಕ್ಕಳಿಸಿ ನುಂಗಬೇಕು. ಹಲ್ಲು ಉಜ್ಜುವುದು ಒಂದು ತಾಸಿನ ಆಚೆ, ಇಲ್ಲದಿದ್ದರೆ ಹಲ್ಲು ಹಾಳು. ಇಷ್ಟನ್ನು ಸರಿಮಾಡಿದ್ದಕ್ಕೆ 8 ಮಿಲಿಗ್ರಾಂನಲ್ಲೇ ಸಂಜೆಯ ಎಳೆತ ನಿಂತಿತು. ಎರಡು ವಾರ ಗಾಡಿ ಓಡಿಸಬಾರದೆಂದು ಹೇಳಿದ್ದು ಮನೆಯವರಿಗೆ ಕಷ್ಟವಾಯಿತು, ಆದರೂ ಪಾಲಿಸಿದರು.

ಕಿಸೆಯ ಎರಡು ಗುಳಿಗೆ ಮೊದಲು ಅಣ್ಣನ ಕಪಾಟಿಗೆ ಹೋದವು. ಮೂರನೇ ವಾರ ಅವನೇ ತಂದು ಮೇಜಿನ ಮೇಲಿಟ್ಟ. ಕಾಗದ ಬೆವರಿಗೆ ಮೆತ್ತಗಾಗಿ ಗುಳಿಗೆಗೆ ಅಂಟಿಕೊಂಡಿತ್ತು.

ಅಣ್ಣ ಮಾಡಿದ ಅರ್ಧ

ಎಲ್ಲವೂ ಸರಿಹೋಯಿತು ಎನ್ನುವಾಗ ಕೆಟ್ಟದ್ದು ಆರನೇ ವಾರ. ಅವ್ವನಿಗೆ ಮೊದಲಿನಿಂದ ಒಂದೇ ಕೊರಗು: "ಒಂದ ಬಿಟ್ಟು ಇನ್ನೊಂದ ಹಿಡದಂಗಾತಲ್ಲೋ." ಶಿವರಾತ್ರಿಯ ಸಿದ್ಧಾರೂಢರ ಜಾತ್ರೆಯೊಳಗೆ ಪೂರ್ತಿ ಬಿಡಿಸುತ್ತೇನೆಂದು ಅಣ್ಣ ಮಾತು ಕೊಟ್ಟಿದ್ದ. ವಾರದ ಔಷಧಿ ಅಣ್ಣನ ಕೈಯಲ್ಲೇ ಇರುತ್ತಿತ್ತು. ನಾಲ್ಕರ ಬದಲು ಎರಡು ಕೊಟ್ಟು, "ಡಾಕ್ಟರ್ ಹೇಳ್ಯಾರ" ಎಂದ.

8ರಿಂದ 4ಕ್ಕೆ ಇಳಿದರೆ ಸಣ್ಣ ಎಳೆತ ಬರಬಹುದು; ತಡೆಯಲಾಗದಂಥದ್ದಲ್ಲ. ಆದರೆ ತನಗೆ ಹೇಳದೆ ಇಳಿಸಿದರು ಎಂಬುದು ಅವನಿಗೆ ನಾಲ್ಟ್ರೆಕ್ಸೋನ್ ದಿನವನ್ನೇ ಎದುರು ತಂದು ನಿಲ್ಲಿಸಿತು. ಮೂರನೇ ದಿನ ಕಿಸೆಗೆ ಮತ್ತೆ ಎರಡು ಗುಳಿಗೆ ಬಂದಿದ್ದವು. ಒಂದು ನುಂಗಿಯೂ ನೋಡಿದ. ಗ್ರಾಹಕ ಆಗಲೇ ಭರ್ತಿಯಾಗಿದ್ದರಿಂದ ಹೇಳಿಕೊಳ್ಳುವಂಥದ್ದೇನೂ ಆಗಲಿಲ್ಲ. ಪುಣ್ಯಕ್ಕೆ ಅವನೇ ಫೋನ್ ಮಾಡಿದ.

ಮರುದಿನ ಮೂವರನ್ನೂ ಕೂರಿಸಿ ಮಾತಾಯಿತು. ಬೂಪ್ರಿನಾರ್ಫಿನ್‌ಗೂ ದೇಹ ಒಗ್ಗಿಕೊಳ್ಳುತ್ತದೆ, ಅದನ್ನು ಮುಚ್ಚಿಡಲಿಲ್ಲ. ಆದರೆ ದಿನಕ್ಕೊಮ್ಮೆ, ಏರುವಿಳಿತವಿಲ್ಲದೆ, ಗಾಡಿ ಓಡಿಸಿಕೊಂಡು, ಅಂಗಡಿ ಬಂದಾದೀತೆಂಬ ಲೆಕ್ಕವಿಲ್ಲದೆ ಬದುಕುವುದೂ ಮೊದಲಿನದ್ದೂ ಒಂದೇ ಅಲ್ಲ. ಸಕ್ಕರೆ ಕಾಯಿಲೆಯ ಗುಳಿಗೆಯನ್ನು ಅವ್ವ ಹನ್ನೆರಡು ವರ್ಷದಿಂದ ನುಂಗುತ್ತಿದ್ದಾಳೆ. ಅದನ್ನು ನೆನಪಿಸಿದ್ದು ಅವಳ ಮಗನೇ. ವಿಶ್ವ ಆರೋಗ್ಯ ಸಂಸ್ಥೆ 2005ರಲ್ಲೇ ಇದನ್ನು ಅತ್ಯಗತ್ಯ ಔಷಧಿಗಳ ಪಟ್ಟಿಗೆ ಸೇರಿಸಿದೆ ಎಂದದ್ದು ಅಣ್ಣನಿಗೆ ತಾಗಿತು, ಅವ್ವನಿಗೆ ಸಕ್ಕರೆ ಗುಳಿಗೆಯ ಮಾತೇ ಸಾಕಾಯಿತು. ಕೊನೆಗೆ ಗೊತ್ತಾದದ್ದು: ಇಳಿಸುವಾಗ ಎಂದು, ಎಷ್ಟು ಎಂಬುದನ್ನು ರೋಗಿಯೇ ಮೊದಲು ತಿಳಿದಿರಬೇಕು, ಎರಡು-ನಾಲ್ಕು ವಾರಕ್ಕೆ 2 ಮಿಲಿಗ್ರಾಂಗಿಂತ ಹೆಚ್ಚಿಲ್ಲ, 2ಕ್ಕೆ ಬಂದ ಮೇಲೆ 0.4ರ ಮೆಟ್ಟಿಲು; ಯಾವ ಮೆಟ್ಟಿಲಲ್ಲೂ ನಿಲ್ಲಬಹುದು, ಹಿಂದೆ ಬರಬಹುದು. ಔಷಧಿ ಮಾಮೂಲಿ ಮೆಡಿಕಲ್ ಅಂಗಡಿಯಲ್ಲಿ ಸಿಗುವಂಥದ್ದಲ್ಲ, ಹಾಗಾಗಿ ಚಿಕಿತ್ಸೆ ಕೊಡುವ ಕೇಂದ್ರ ರಜೆ ಇರುವ ದಿನಗಳನ್ನು ತಿಂಗಳ ಮುಂಚೆಯೇ ಬರೆದುಕೊಡುವುದು. ರಾತ್ರಿ ಹೊತ್ತು ಗಾಬರಿಯಾದರೆ ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್ 14416 ಅಥವಾ ವ್ಯಸನಮುಕ್ತಿ ಸಹಾಯವಾಣಿ 14446. ಜಾತ್ರೆಗೆ ಮೂವರೂ ಹೋಗಿಬಂದರು, ಗುಳಿಗೆ ಸಮೇತ.

ಬಂಕಾಪುರ

ನಾಲ್ಕನೇ ತಿಂಗಳು ಒಂದು ಮಂಗಳವಾರ ನಸುಕಿನಲ್ಲಿ ಹಾವೇರಿಗೆ ಹೊರಟವನು ಎಂಟು ಗಂಟೆಯ ಗುಳಿಗೆಯನ್ನು ಮನೆಯಲ್ಲೇ ಮರೆತ. ಬಂಕಾಪುರದ ಹತ್ತಿರ ಗಾಡಿ ಕೆಟ್ಟು ನಿಂತಿತು. ಮಧ್ಯಾಹ್ನ ಎರಡಕ್ಕೆ ಫೋನ್. ಹೆದರಿಕೆ ಎಷ್ಟು ಎಂದರೆ 9. ಆಕಳಿಕೆ? ಇಲ್ಲ. ಮೂಗು? ಇಲ್ಲ. ಮುಳ್ಳು? "ಈ ಬಿಸಿಲಾಗ ಎಲ್ಲೀದ್ರೀ."

ಲೆಕ್ಕ ಫೋನಿನಲ್ಲೇ ಹೇಳಲಾಯಿತು. ಬೂಪ್ರಿನಾರ್ಫಿನ್ ರಕ್ತದಲ್ಲಿ ಅರ್ಧಕ್ಕೆ ಇಳಿಯಲು 24ರಿಂದ 42 ತಾಸು ಬೇಕು. ಟಪೆಂಟಡಾಲ್‌ಗೆ ಸಾಕಾಗುತ್ತಿದ್ದದ್ದು ಸುಮಾರು ನಾಲ್ಕು. ಹಳೆಯ ಗಡಿಯಾರ ಈ ಗುಳಿಗೆಗೆ ನಡೆಯುವುದಿಲ್ಲ. ತಾಸಿಗೊಮ್ಮೆ ಮೂರು ಗುರುತು ನೋಡಿ ಬರೆ, ಬೇರೇನೂ ಮಾಡಬೇಡ.

ಮನೆ ಸೇರಿದ್ದು ರಾತ್ರಿ ಒಂಬತ್ತಕ್ಕೆ, ಕೊನೆಯ ಗುಳಿಗೆಯಿಂದ 37 ತಾಸಿಗೆ. ಬಾಡಿಗೆ ಪುಸ್ತಕದಲ್ಲಿ ಏಳು ಸಾಲು: ಹೆದರಿಕೆ 9, 9, 7, 7, 5, 3, 3. ಆಕಳಿಕೆ ಒಂದು, ಸಂಜೆ ಏಳಕ್ಕೆ. ಅದರ ಮುಂದೆ ಅವನದೇ ಅಕ್ಷರದಲ್ಲಿ 'ನಿದ್ದಿ ಬಂದಿರಬೇಕು'. ರಾತ್ರಿ ಗುಳಿಗೆ ತೆಗೆದುಕೊಂಡ. ಮರುದಿನದ್ದು ಮಧ್ಯಾಹ್ನ, ಅದರ ಮರುದಿನದಿಂದ ಮತ್ತೆ ಮುಂಜಾನೆ ಎಂಟು.

ಆರು ತಿಂಗಳಾಗುವ ಹೊತ್ತಿಗೆ ಅಳತೆ 8ರಲ್ಲೇ ಇದೆ. ನಸುಕಿನ ಅಲಾರಂ ತೆಗೆದಿದ್ದಾನೆ. ಇಳಿಸೋಣವೇ ಎಂದು ಅಣ್ಣ ಎರಡು ಸಲ ಕೇಳಿದ್ದಾನೆ. ಶನಿವಾರ ಸಂಜೆಯ ಅಂಕ ಇನ್ನೂ 4ಕ್ಕಿಂತ ಕೆಳಗೆ ಬಂದಿಲ್ಲ, ಅದಕ್ಕೇ ಪುಸ್ತಕ ಮುಂದುವರಿದಿದೆ.